ಬಂಡೆಯ ಹಿಂದಿನ ಗುಟುಕು

ಬಸ್ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವನ ಬ್ಯಾಗ್ ರಿಪೇರಿ ಅಂಗಡಿ. ಒಂದು ಹೊಲಿಗೆ ಯಂತ್ರ, ಡಬ್ಬಿ ತುಂಬ ಜಿಪ್ಪುಗಳು, ಗಿರಾಕಿಗೊಂದು ಸ್ಟೂಲು. ಬೆಟ್ಟ ಹತ್ತುವವರ ದೊಡ್ಡ ಬೆನ್ನುಚೀಲಗಳೆಂದರೆ ಅವನಿಗೆ ಪ್ರಾಣ. ಕಿತ್ತುಹೋದ ಪಟ್ಟಿ ಹೊಲಿದು ಮುಗಿಸುವಷ್ಟರಲ್ಲಿ ಚೀಲದವರು ತಮ್ಮ ಕಥೆಯನ್ನೂ ಹೇಳಿ ಮುಗಿಸುತ್ತಿದ್ದರು. ಮಂಜು ಕವಿದು ದಾರಿ ತಪ್ಪಿದ್ದು, ಇನ್ನೇನು ಬಾಯಾರಿ ಬಿದ್ದೆವು ಅನ್ನುವಾಗ ಒರತೆ ಸಿಕ್ಕಿದ್ದು. ಇವನು ಹೂಂಗುಟ್ಟುತ್ತ ಕೇಳುತ್ತಿದ್ದ.

ಒಮ್ಮೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಷಡ್ಡಕ ತನಗೆ ಬಡ್ತಿ ಸಿಕ್ಕಿತೆಂದ. ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ; ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಎಲ್ಲರ ಮುಖ ಅವನ ಕಡೆ ತಿರುಗಿತು. ಇವನಿಗೆ ತಡೆಯಲಾಗಲಿಲ್ಲ. "ಮದುವೆಗೆ ಮುಂಚೆ ನಾನು ಬೆಟ್ಟ ಹತ್ತುತ್ತಿದ್ದಾಗ..." ಎಂದು ಶುರು ಮಾಡಿ, ಆ ವಾರ ಜಿಪ್ಪು ಹಾಕಿಸಿಕೊಂಡು ಹೋದವನ ಕಥೆಯನ್ನು ತನ್ನದೇ ಎಂಬಂತೆ ಒಪ್ಪಿಸಿಬಿಟ್ಟ. ಮುಖಗಳು ಇತ್ತ ತಿರುಗಿದವು. ಅಲ್ಲಿಂದ ಆ ಸುಳ್ಳಿಗೆ ಕೈಕಾಲು ಮೂಡಿ, ಅವನು 'ಬೆಟ್ಟದ ಭಾವ'ನಾದ. ಹೆಂಡತಿಯೊಬ್ಬಳಿಗೆ ನಿಜ ಗೊತ್ತಿತ್ತು. ಅವಳು ಕೇಳಿಯೂ ಕೇಳದವಳಂತೆ ಬಡಿಸುತ್ತಿದ್ದಳು.

ಹೀಗಿರುವಾಗ ಷಡ್ಡಕ ಅಂಗಡಿಗೇ ಬಂದ. "ಅಣ್ಣ, ಡಾಕ್ಟರು ನಡೀರಿ ನಡೀರಿ ಅಂತ ಪ್ರಾಣ ತೆಗೀತಿದ್ದಾರೆ. ಈ ಶನಿವಾರ ನಮ್ಮಿಬ್ಬರನ್ನೂ ಬೆಟ್ಟಕ್ಕೆ ಕರ್ಕೊಂಡು ಹೋಗು. ಒಂದು ರಾತ್ರಿ ಮೇಲೇ ಉಳಿಯೋಣ. ಏನು ತಗೋಬೇಕು, ಏನು ಬಿಡಬೇಕು, ಎಲ್ಲ ನೀನು ಹೇಳಿದ ಹಾಗೆ."

ಇಲ್ಲ ಎನ್ನುವ ದಾರಿಯನ್ನು ಅವನೇ ಎಂದೋ ಮುಚ್ಚಿಕೊಂಡಿದ್ದ.

ಹೆಂಡತಿ ಮಾತ್ರ ಬಿಡಲಿಲ್ಲ. "ಈಗಲಾದ್ರೂ ನಿಜ ಹೇಳಿಬಿಡ್ರೀ. ಎರಡನೇ ಮಹಡಿ ಹತ್ತಿದ್ರೆ ಮಂಡಿ ಹಿಡ್ಕೊಂಡು ಕೂರ್ತೀರಿ."

"ಎರಡು ದಿನದ ಮಾತು, ಹೇಗೋ ಆಗುತ್ತೆ ಬಿಡೆ. ನೀನೂ ಬಾ."

"ನಾನ್ಯಾಕೆ? ನಿಮ್ಮ ಸುಳ್ಳಿಗೆ ತಲೆ ಅಲ್ಲಾಡಿಸೋದಕ್ಕಾ?"

ಶುಕ್ರವಾರ ಸಂಜೆ ನಾದಿನಿಯ ಮನೆಯ ನಡುಕೋಣೆಯಲ್ಲಿ ಸಾಮಾನೆಲ್ಲ ಹರಡಿತ್ತು. ಇವನು ಕುರ್ಚಿಯಲ್ಲಿ ಕೂತು ನ್ಯಾಯಾಧೀಶನಂತೆ ತೀರ್ಪು ಕೊಡುತ್ತ ಹೋದ. ದಪ್ಪ ಸ್ವೆಟರ್ ಬೇಡ. ಎರಡನೇ ಟವೆಲ್ ಬೇಡ. ನಾದಿನಿ ನೀರಿನ ದೊಡ್ಡ ಬಾಟಲಿಗಳನ್ನು ತುರುಕುತ್ತಿದ್ದಾಗ ಕೈ ಅಡ್ಡ ಹಿಡಿದ. "ತಲೆಗೊಂದು ಸಣ್ಣ ಬಾಟಲಿ ಸಾಕಮ್ಮ. ನೀರೇ ಎಲ್ಲಕ್ಕಿಂತ ಭಾರ. ಮೇಲೆ ಒರತೆ ಇದೆ, ಕೈಯೊಡ್ಡಿದ್ರೆ ಸಾಕು."

"ಬಿಸಿಲು ಜಾಸ್ತಿ ಇದೆಯಲ್ಲ, ಭಾವ?"

"ನಾನಿಲ್ವಾ?"

ಮನೆಗೆ ಬಂದು ತನ್ನ ಚೀಲ ಕಟ್ಟುವಾಗ ಕತ್ತಲು, ಚಳಿ, ಬಾಯಾರಿಕೆ ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂದವು. ಉಣ್ಣೆಯ ಕಂಬಳಿ ತುರುಕಿದ, ಸ್ವೆಟರ್ ತುರುಕಿದ, ಎಲ್ಲದರ ಅಡಿಗೆ ದೊಡ್ಡ ಬಾಟಲಿಯಲ್ಲಿ ನೀರು ತುಂಬಿಟ್ಟ. ಕೇಳಿದರೆ ಏನು ಹೇಳುವುದೆಂದು ಯೋಚಿಸಿದ. ಹೆಂಡತಿ ಆಗಲೇ ಮಲಗಿದ್ದಳು, ಕೇಳುವವರು ಯಾರೂ ಇರಲಿಲ್ಲ.

ಮರುದಿನ ಮೂವರೂ ಬೆಟ್ಟದ ಅರ್ಧಕ್ಕೆ ಬರುವಷ್ಟರಲ್ಲಿ ಸಣ್ಣ ಬಾಟಲಿಗಳು ಬರಿದಾದವು. ಒರತೆ ಇರಬಹುದಾದ ಕಡೆಯೆಲ್ಲ ಹುಡುಕಿದರೆ ಸಿಕ್ಕಿದ್ದು ಒಣಗಿದ ಪಾಚಿ ಅಂಟಿದ ಒಂದು ಬಂಡೆ. ಅವನು ಕೇಳಿದ ಕಥೆ ಯಾವ ಬೆಟ್ಟದ್ದೋ, ಯಾವ ಕಾಲದ್ದೋ. ಷಡ್ಡಕನ ಮುಖ ಬಿಳಿಚಿಕೊಂಡಿತು. ತಲೆ ತಿರುಗುತ್ತದೆ ಎಂದು ಅಲ್ಲೇ ಕುಸಿದು ಕೂತ. ನಾದಿನಿ ಸೆರಗಿನಿಂದ ಗಾಳಿ ಹಾಕತೊಡಗಿದಳು.

ಆಗಲೇ ಚೀಲ ಬಿಚ್ಚಬೇಕಿತ್ತು. ಬಿಚ್ಚಿದರೆ ಕಂಬಳಿ, ಸ್ವೆಟರ್ ಎಲ್ಲವೂ ಹೊರಗೆ ಬೀಳುತ್ತವೆ, ಅದರ ಜೊತೆಗೆ ತನ್ನ ಬಂಡವಾಳವೂ. "ಇನ್ನೂ ಸ್ವಲ್ಪ ಮುಂದೆ ಇರಬೇಕು, ನೋಡ್ಕೊಂಡು ಬರ್ತೀನಿ" ಎಂದವನೇ ಚೀಲದ ಸಮೇತ ಬಂಡೆಯ ಹಿಂದೆ ಹೋದ. ಗಂಟಲು ಒಣಗಿ ಸೌದೆಯಾಗಿತ್ತು. ಕೈ ತಾನೇ ತಾನಾಗಿ ಚೀಲದ ಅಡಿಗೆ ಇಳಿಯಿತು. ಕುಡಿದ. ಒಂದು ಗುಟುಕಲ್ಲ, ಉಸಿರು ಕಟ್ಟುವ ತನಕ.

ಬಾಟಲಿ ಕೆಳಗಿಳಿಸಿದಾಗ ನಾದಿನಿ ಎದುರಿಗೆ ನಿಂತಿದ್ದಳು. ಅವನ ಗಲ್ಲದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವಳು ಬಾಟಲಿ ಕಿತ್ತುಕೊಂಡು ಗಂಡನ ಹತ್ತಿರ ಓಡಿದಳು.

ಷಡ್ಡಕ ಚೇತರಿಸಿಕೊಂಡ ಮೇಲೆ ಮೂವರೂ ನಿಧಾನವಾಗಿ ಕೆಳಗಿಳಿದರು. ಬಸ್ಸಿನಲ್ಲಿ ಷಡ್ಡಕ ಒಬ್ಬನೇ ಮಾತಾಡಿದ: "ನಿನ್ನ ಪಾಲಿನ ನೀರು ಉಳಿಸಿ ನನಗೆ ಕೊಟ್ಟೆಯಲ್ಲ ಅಣ್ಣ! ನೀನಿಲ್ಲದಿದ್ರೆ ನನ್ನ ಕಥೆ ಮುಗೀತಿತ್ತು." ನಾದಿನಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳು ಗಂಡನಿಗೆ ಹೇಳಿರಲಿಲ್ಲ.

ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ವಾರವೆಲ್ಲ ಷಡ್ಡಕ ಕಂಡವರೆದುರಿಗೆಲ್ಲ ಅಣ್ಣನ ತ್ಯಾಗವನ್ನು ಹೊಗಳಿದ; ಇವನು ಮನೆಯಲ್ಲಿ ಉಣ್ಣಲಾರದೆ ತಟ್ಟೆ ಸರಿಸಿದ. ಕೊನೆಗೆ ಒಂದು ಸಂಜೆ ಅವರ ಮನೆಗೆ ಹೋಗಿ ನಿಂತೇ ಹೇಳಿದ: ಹತ್ತದ ಬೆಟ್ಟಗಳು, ಕದ್ದ ಕಥೆಗಳು, ಮುಚ್ಚಿಟ್ಟ ಬಾಟಲಿ, ಬಂಡೆಯ ಹಿಂದೆ ಕುಡಿದದ್ದು. ಹೇಳುವಾಗ ಬಾಗಿಲ ಬಳಿ ಬಿಟ್ಟಿದ್ದ ಷಡ್ಡಕನ ಚಪ್ಪಲಿಗಳನ್ನೇ ನೋಡುತ್ತಿದ್ದ.

ಷಡ್ಡಕ ಹೆಂಡತಿಯ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ನಾದಿನಿ. ಆಮೇಲೆ ಇವನ ಕಡೆ ನೋಡಿ, "ಬೆಟ್ಟ ಹತ್ತಿದ್ದೀನಿ ಅಂತ ಕೊಚ್ಕೊಂಡಿದ್ದು ಹೋಗಲಿ ಭಾವ. ಅದಕ್ಕೆ ನಕ್ಕುಬಿಡ್ತಿದ್ದೆ. ಆದ್ರೆ ಇವರು ಅಲ್ಲಿ ಬಿದ್ದಿದ್ರು..." ಎಂದವಳು ಮಾತು ಅಲ್ಲಿಗೇ ಬಿಟ್ಟು ಒಳಗೆ ಹೋದಳು.

"ಕೂತ್ಕೋ ಅಣ್ಣ," ಎಂದ ಷಡ್ಡಕ. ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಸಲುಗೆಯೂ ಇರಲಿಲ್ಲ.

ಹೋಗಿಬರುವುದು ನಿಲ್ಲಲಿಲ್ಲ. ಆದರೆ ಆ ಮನೆಯಲ್ಲಿ ಅವನನ್ನು ಬೆಟ್ಟದ ಭಾವ ಎಂದು ಮತ್ತೆ ಯಾರೂ ಕರೆಯಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಈಗಲೂ ಕಥೆ ಹೇಳುತ್ತಾರೆ. "ನೀವು ಯಾವತ್ತಾದ್ರೂ ಹತ್ತಿದ್ದೀರಾ?" ಎಂದು ಯಾರಾದರೂ ಕೇಳಿದರೆ ಅವನ ಕಿವಿ ಕೆಂಪಾಗುತ್ತದೆ. "ಒಂದು ಸಲ, ಅರ್ಧದ ತನಕ" ಎಂದಷ್ಟೇ ಹೇಳಿ ಯಂತ್ರ ತುಳಿಯುತ್ತಾನೆ.