ಕುಪ್ಪಿ ತೊಳೆಯುವ ಮಲ್ಸುನ್ ಚಿಕ್ಕಮ್ಮ

ಬೆಳಗಿನ ಐದೂವರೆ. ಗು ಮಲ್ಸುನ್ ಹೆಬ್ಬೆರಳುದ್ದದ ಗಾಜಿನ ಕುಪ್ಪಿಗಳನ್ನು ತೊಳೆಯುತ್ತಿದ್ದಾರೆ. ಬಿಸಿನೀರು ಬಿದ್ದೊಡನೆ ತಳಕ್ಕಂಟಿದ ಹಳದಿ ಸೀಸದ ಅಯೊಡೈಡ್ ಕರಗಿ ಮಾಯವಾಗುತ್ತದೆ. ವಿಷದ ಆ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಜಾಡಿಗೆ ಸುರಿದು ಆರಲು ಇಡುತ್ತಾರೆ. ಆರುತ್ತ ಆರುತ್ತ ಎಲ್ಲಿಂದಲೋ ಚಿನ್ನದ ರೇಕುಗಳು ಹುಟ್ಟಿ, ತೇಲುತ್ತ ಇಳಿಯುತ್ತವೆ. ಕಿಟಕಿಯಾಚೆ ಕೊರಿಯಾದ ಉಲ್ಸಾನ್ ಬಂದರಿನ ಮಂಜೂ ಅದೇ ನಿಧಾನದಲ್ಲಿ ಸರಿಯುತ್ತಿದೆ.

"ನೋಡ್ತಾ ನಿಂತ್ರೆ ಕೆಲ್ಸ ಯಾರ್ ಮಾಡ್ತಾರೆ ಹುಡುಗಿ?" ಎಂದು, ಕುಪ್ಪಿ ತೊಳೆಯಲು ಹೊಸದಾಗಿ ಸೇರಿದ ನನ್ನನ್ನು ಗದರುತ್ತಾರೆ. ತಾವೂ ಜಾಡಿಯಿಂದ ಕಣ್ಣು ತೆಗೆಯುವುದಿಲ್ಲ.

ಅರವತ್ತೊಂದರ ಮಲ್ಸುನ್ ಮೊದಲು ಮೀನುಪೇಟೆಯಲ್ಲಿದ್ದರು. ಹನ್ನೊಂದು ವರ್ಷದಿಂದ ಈ ಸೌರಕೋಶದ ಪ್ರಯೋಗಾಲಯದಲ್ಲಿದ್ದಾರೆ. ದಿನಕ್ಕೆ ನಾನೂರು ಕುಪ್ಪಿ. ಒಂದೊಂದನ್ನೂ ಮೂರು ಸಲ ತೊಳೆದು ಓವನ್ನಿನಲ್ಲಿ ಒಣಗಿಸಬೇಕು. ಇಲ್ಲಿ ಮಾಡುವ ಪೆರೋವ್‌ಸ್ಕೈಟ್ ಹರಳಿಗೆ ತೇವವೆಂದರೆ ಆಗದು.

ಈ ಮಳೆಗಾಲ ಹಿಡಿದ ಮೇಲೆ, ಗಾಜಿನ ಮೇಲೆ ಕಪ್ಪಾಗಬೇಕಿದ್ದ ಹರಳಿನ ಪದರಗಳೆಲ್ಲ ಹಳದಿಯಾಗಿಯೇ ಉಳಿದವು. ಕುಪ್ಪಿ ಒಣಗಿಲ್ಲವೆಂದು ಆಫೀಸಿಗೆ ದೂರು ಹೋಯಿತು. ಮಲ್ಸುನ್ ಅವರ ಕೆಲಸದ ಕರಾರು ಈ ಶುಕ್ರವಾರ ಮುಗಿಯುತ್ತದೆ. ಹೊಸದು ಬಂದಿಲ್ಲ.

ಅವರು ವಾದಿಸಲಿಲ್ಲ. ನಿನ್ನೆ ಕಪಾಟಿನ ಬಾಟಲಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲುಗಿಸಿದರು. ಒಣ ಪುಡಿ ಪಿಸುಗುಡುತ್ತದೆ. ಹರಳಿಗೆ ಬೆರೆಸುವ ಫಾರ್ಮಮಿಡಿನಿಯಂ ಅಯೊಡೈಡ್ ಎಂಬ ಬಿಳಿ ಉಪ್ಪಿನ ಬಾಟಲಿ ಮಾತ್ರ, ತೇವ ಕುಡಿದು ಗಟ್ಟಿಯಾಗಿ, ಸುಮ್ಮನಿತ್ತು. ತೆರೆದವರ ಹೆಸರು, ತಾರೀಕು ಇರಬೇಕಾದ ಚೀಟಿ ಖಾಲಿ.

"ಇದನ್ನ ತೆಗ್ದಿದ್ದು ಯಾರಪ್ಪ?"

ಸಂಶೋಧನಾ ವಿದ್ಯಾರ್ಥಿ ಪ್ಯೋ ಇನ್‌ಹ್ವಾನನ ಕಿವಿ ಕೆಂಪಾಯಿತು. "ನಾನೇ ಚಿಕ್ಕಮ್ಮ, ಮಳೆ ಹಿಡಿದಾಗ. ಅಲ್ಲಿದ್ದದ್ದು ಕೆಂಪು ಪೆನ್ನೊಂದೇ."

"ಅದಕ್ಕೆ?"

"ಬದುಕಿರೋನ ಹೆಸರು ಕೆಂಪಲ್ಲಿ ಹೆಂಗ್ ಬರೀಲಿ? ಸತ್ತೋರ್ದಲ್ವಾ ಹಾಗ್ ಬರೆಯೋದು? ಆಮೇಲೆ ಬರಿಯೋಣ ಅಂತ ಮರ್ತೇ ಹೋಯ್ತು."

"ಡಾಕ್ಟರೇಟ್ ತಗೊಳ್ಳೋನು ಪೆನ್ನಿಗೆ ಹೆದರ್ತಾನೆ!" ಮಲ್ಸುನ್ ನಕ್ಕರು. ಆಮೇಲೆ ಮೆಲ್ಲಗೆ, "ನಾನೂ ಬರೀತಿರ್ಲಿಲ್ಲ ಬಿಡು."

ಇವತ್ತು ವಿದ್ಯಾರ್ಥಿಗಳು ಆ ಉಪ್ಪಿನ ಹೊಸ ಬಾಟಲಿ ತೆರೆದಿದ್ದಾರೆ. ಬಿಸಿ ತಟ್ಟೆಯ ಮೇಲಿನ ಪದರ ಕಣ್ಣೆದುರಿಗೇ ಕಪ್ಪಾಗುತ್ತದೆ, ಕನ್ನಡಿಯಂತೆ ಹೊಳೆಯುತ್ತದೆ. ಹುಡುಗರು ಕೇಕೆ ಹಾಕಿ ಫೋಟೊ ತೆಗೆಯುತ್ತಾರೆ.

"ನಾನ್ ತೊಳ್ದ ಕುಪ್ಪೀಲೇ ಕಲ್ಸಿದ್ದು," ಎಂದು ಮಲ್ಸುನ್ ನನಗೊಬ್ಬಳಿಗೇ ಕೇಳುವಂತೆ ಹೇಳುತ್ತಾರೆ. ಕೈಗವಸು ಕಳಚಿ, ಹುಡುಗರ ಹತ್ತಿರ ಹೋಗಿ ನಿಲ್ಲುತ್ತಾರೆ.

"ಆಫೀಸಿಗೆ ಒಂದ್ ಮಾತ್ ಹೇಳ್ತೀರಾ? ಕುಪ್ಪಿ ಒಣಗಿತ್ತು ಅಂತ."

ಇನ್‌ಹ್ವಾನನ ಕಿವಿ ಮತ್ತೆ ಕೆಂಪಾಗುತ್ತದೆ; ಅವರ ಕಡೆ ನೋಡದೆ ಪದರವನ್ನು ದೀಪದ ಕಡೆಗೆ ಎತ್ತಿ ಹಿಡಿಯುತ್ತಾನೆ.