ಒಮ್ಮೆಯೂ ಕರೆಯದವಳು

ಆ ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗಂಟೆಯಮ್ಮ ಎಂದೇ ಕರೆಯುತ್ತಿದ್ದರು. ಭಾನುವಾರ ಪಾಳಿ ಬಿದ್ದರೂ ಸರಿ, ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಕೈಯಲ್ಲಿದ್ದುದನ್ನು ಬಿಟ್ಟು ಓಡುವಳು. ಪೂಜೆ ಮುಗಿದದ್ದೇ ಏದುಸಿರು ಬಿಡುತ್ತ ಬಂದು ಉಳಿದ ಕೆಲಸಕ್ಕೆ ಕೈ ಹಾಕುವಳು. ಮೇಲ್ವಿಚಾರಕ ಗೊಣಗಿ ಗೊಣಗಿ ಸುಸ್ತಾಗಿ ಸುಮ್ಮನಾಗಿದ್ದ.

ಅವಳ ಜೊತೆಗಾತಿ ಉದ್ದಕ್ಕ. ಒಗೆದು ಒಣಗಿದ ಹಾಸುಬಟ್ಟೆಗಳನ್ನು ಮಡಿಸುವುದು ಇಬ್ಬರ ಕೆಲಸ. ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಜಾಡಿಸಿ, ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಉದ್ದಕ್ಕ ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ, ಗಂಟೆಯಮ್ಮ ಗೇಣುದ್ದ. ಬಟ್ಟೆ ಯಾವಾಗಲೂ ಒಂದು ಕಡೆಗೆ ವಾಲುತ್ತಿತ್ತು.

"ನೀನಿರೋದು ತಗ್ಗು, ನಾನಿರೋದು ದಿಬ್ಬ. ಮಳೆ ಬಂದ್ರೆ ನೀರೆಲ್ಲ ನಿನ್ನ ಮನೆಗೇ," ಎಂದು ಉದ್ದಕ್ಕ ನಗುವಳು.

"ದಿಬ್ಬ ಒಂಚೂರು ಬಗ್ಗಿದ್ರೆ ನಿನ್ನ ಗಂಟೇನೂ ಹೋಗಲ್ಲ," ಎನ್ನುವಳು ಗಂಟೆಯಮ್ಮ.

ವರ್ಷಗಟ್ಟಲೆ ಹೀಗೆ ಎದುರುಬದುರು ನಿಂತವರ ನಡುವೆ ಮುಚ್ಚುಮರೆ ಏನುಳಿದೀತು? ಗಂಡಂದಿರ ಕುಡಿತ, ಅತ್ತೆಯ ಬಾಯಿ, ಹಲ್ಲುನೋವು, ಎಲ್ಲವೂ ಆ ಬಿಳಿ ಬಟ್ಟೆಗಳ ಮೇಲೆಯೇ ಹರಿದಾಡಿದ್ದವು. ದೇವರ ವಿಷಯ ಮಾತ್ರ ಬರುತ್ತಿರಲಿಲ್ಲ. ಬಂದರೂ ಗಂಟೆಯಮ್ಮ ಬೇರೇನೋ ಮಾತು ತೆಗೆಯುತ್ತಿದ್ದಳು.

ಅದಕ್ಕೊಂದು ಕಾರಣವಿತ್ತು. ಅವಳು ಇನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಿ ಒಮ್ಮೆ ಪಕ್ಕದ ಬೀದಿಯ ಗೆಳತಿಯನ್ನು ಚರ್ಚಿಗೆ ಕರೆದುಕೊಂಡು ಹೋಗಿದ್ದಳು. ಹಾಡು ಚೆನ್ನಾಗಿರುತ್ತದೆ, ಬಾ ಎಂದಿದ್ದಳು, ಅಷ್ಟೇ. ಮಾರನೆಯ ದಿನ ಗೆಳತಿಯ ಅಪ್ಪ ಮನೆ ಬಾಗಿಲಿಗೆ ಬಂದು, "ನಮ್ಮ ಮಗೂನ ಕೆಡಿಸೋಕೆ ಎಷ್ಟು ದಿನದಿಂದ ಹೊಂಚು ಹಾಕ್ತಿದ್ರಿ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದ. ಅವಳ ಅಪ್ಪ, ಯಾರಿಗೂ ತಲೆಬಾಗದವನು, ಎರಡೂ ಕೈ ಜೋಡಿಸಿ ಕ್ಷಮೆ ಕೇಳಿದ. ಆಮೇಲೆ ಮಗಳನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. "ನಮ್ಮ ದೇವರು ನಮ್ಮ ಮನೇಲಿರ್ಲಿ ಮಗ, ಬೀದಿಗೆ ತರಬೇಡ," ಎಂದ. ಅವತ್ತು ಅವಳ ಬಾಯಿಗೆ ಬೀಗ ಬಿತ್ತು.

ಅವರ ಕೇರಿಯ ಕಥೋಲಿಕರಲ್ಲಿ ಅವಳೊಬ್ಬಳೇ ಹೀಗಿದ್ದಳೆಂದಲ್ಲ. ಅಜ್ಜಿಯ ಮೂಗು ಮೊಮ್ಮಗಳಿಗೆ ಬಂದ ಹಾಗೆ ಅವರಿಗೆ ನಂಬಿಕೆಯೂ ಬಂದಿತ್ತು. ಮೂಗನ್ನು ಯಾರಾದರೂ ಹಂಚುತ್ತಾರೆಯೇ? ಮನೆಮನೆಯ ಕದ ತಟ್ಟಿ ಸುವಾರ್ತೆ ಹೇಳುವ ಬೇರೆ ಪಂಗಡದವರನ್ನು ಕಂಡರೆ ಇವರಿಗೆ ಮುಜುಗರ. ಒಳಗಿನಿಂದಲೇ ಚಿಲಕ ಹಾಕಿ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಪಾದ್ರಿಗಳೂ ಪ್ರಸಂಗದಲ್ಲಿ, "ಬಾಯಲ್ಲಿ ಹೇಳುವುದು ಬೇಡ, ನಿಮ್ಮ ಬದುಕೇ ಮಾತಾಡಲಿ," ಎನ್ನುವರು. ಆ ಮಾತು ಕೇಳಿದಾಗಲೆಲ್ಲ ಗಂಟೆಯಮ್ಮನಿಗೆ ಭಾರ ಇಳಿದ ಹಾಗಾಗುತ್ತಿತ್ತು.

ಉದ್ದಕ್ಕನಿಗೆ ಒಬ್ಬಳೇ ಮಗಳು. ಅಮ್ಮನಷ್ಟೇ ಎತ್ತರ, ಹೊಲಿಗೆ ಕಲಿಯುತ್ತಿದ್ದಳು. ರಕ್ತದ ಕಾಯಿಲೆ ಬಂತು, ಒಂದು ಚಳಿಗಾಲ ಮುಗಿಯುವುದರೊಳಗೆ ಹುಡುಗಿ ಇಲ್ಲವಾದಳು. ಉದ್ದಕ್ಕನ ಗಂಡ ಮೊದಲೇ ತೀರಿಕೊಂಡಿದ್ದ. ಕೆಲಸಕ್ಕೆ ಮರಳಿದ ದಿನ ಉದ್ದಕ್ಕ ಬಟ್ಟೆಯ ಎರಡು ಮೂಲೆ ಹಿಡಿದು ನಿಂತವಳು ನಿಂತೇ ಇದ್ದಳು.

"ನೀನು ಅಲ್ಲಿಗೆ ಹೋಗ್ತೀಯಲ್ಲ," ಎಂದಳು ಕೊನೆಗೆ. "ಸತ್ತೋರ ಬಗ್ಗೆ ನಿಮ್ಮೋರು ಏನು ಹೇಳ್ತಾರೆ?"

ಗಂಟೆಯಮ್ಮನಿಗೆ ಉತ್ತರ ಗೊತ್ತಿತ್ತು. ಅಜ್ಜಿಯ ಮಡಿಲಲ್ಲಿ ಕಲಿತದ್ದು. ಸತ್ತವರು ಕಳೆದುಹೋಗುವುದಿಲ್ಲ, ಅವರಿಗಾಗಿ ನಾವು ಬೇಡಬಹುದು, ಮತ್ತೆ ನೋಡುತ್ತೇವೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಗಳನ್ನು ಕಳೆದುಕೊಂಡವಳ ಮುಂದೆ ಈಗ ಅದನ್ನು ಹೇಳಿದರೆ ಉರಿಯುವ ಮನೆಯಲ್ಲಿ ಗಳ ಹಿರಿದ ಹಾಗಾಗುತ್ತದಲ್ಲ ಎನ್ನಿಸಿತು. ಕೈ ಮುಗಿದು ನಿಂತ ಅಪ್ಪ ಕಣ್ಣ ಮುಂದೆ ಬಂದ.

"ಅದೆಲ್ಲ ನಮ್ಮಲ್ಲಿ ಹುಟ್ಟಿದಾಗಿಂದ ಬಂದ ಅಭ್ಯಾಸ ಕಣೆ," ಎಂದಳು. "ಎಲ್ಲ ದೇವರೂ ಒಂದೇ. ನಿನ್ನ ಮನಸ್ಸಿಗೆ ಹೇಗೆ ಸಮಾಧಾನವೋ ಹಾಗೆ ಮಾಡು."

"ಸರಿ," ಎಂದಳು ಉದ್ದಕ್ಕ. ಬಟ್ಟೆ ಮಡಿಸಿದರು.

ಮುಂದಿನ ಭಾನುವಾರ ಗಂಟೆಯಮ್ಮ ಆ ಹುಡುಗಿಯ ಹೆಸರಿನಲ್ಲಿ ಮೇಣದ ಬತ್ತಿ ಹಚ್ಚಿದಳು. ಆಮೇಲಿನ ಯಾವ ಭಾನುವಾರವೂ ಅದನ್ನು ತಪ್ಪಿಸಲಿಲ್ಲ. ಸತ್ತವರಿಗಾಗಿ ನಡೆಯುವ ಪೂಜೆಯಲ್ಲಿ ಹುಡುಗಿಯ ಹೆಸರನ್ನೂ ಓದಿಸಿದಳು. ಉದ್ದಕ್ಕನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಎಲ್ಲಿ ಚರ್ಚಿಗೆ ಕರೆದ ಹಾಗಾಗುತ್ತದೋ ಎಂಬ ಅಂಜಿಕೆ.

ಮಗಳ ಹಿಂದೆ ತಾಯಿಯೂ ಸವೆಯುತ್ತ ಬಂದಳು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಕೊನೆಗೆ ಹೊಟ್ಟೆಯಲ್ಲಿ ಗೆಡ್ಡೆ ಎಂದು ಆಸ್ಪತ್ರೆ ಸೇರಿದಳು. ಗಂಟೆಯಮ್ಮ ಪಾಳಿ ಮುಗಿದದ್ದೇ ವಾರ್ಡಿಗೆ ಹೋಗಿ ತಲೆ ಬಾಚುವಳು, ಗಂಜಿ ಕುಡಿಸುವಳು. ಒಂದು ಮಧ್ಯಾಹ್ನ ಉದ್ದಕ್ಕ ಅವಳ ಕೈ ಹಿಡಿದುಕೊಂಡಳು.

"ಒಂದು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಕೇಳು."

"ನನ್ನ ಒಂದ್ಸಲಾನೂ ಯಾಕೆ ಕರೀಲಿಲ್ಲ? ಅಲ್ಲಿಗೆ."

ಗಂಟೆಯಮ್ಮ ಇನ್ನೊಂದು ಕೈಯಿಂದ ಹೊದಿಕೆ ಸರಿಮಾಡತೊಡಗಿದಳು.

"ಮಗಳು ಹೋದ ಮೇಲೆ ಎಷ್ಟೋ ಸಲ ಆ ಗೇಟಿನ ಹತ್ರ ಬಂದಿದೀನಿ," ಎಂದಳು ಉದ್ದಕ್ಕ. "ಒಳಗೆ ನೀನಿದೀಯ ಅಂತ ಗೊತ್ತು. ಕರೆಯದ ಮನೆಗೆ ಹೇಗೆ ನುಗ್ಗೋದು? ನಮ್ಮಂಥೋರು ನಿಮ್ಮ ದೇವರಿಗೆ ಬೇಡವೇನೋ ಅಂದ್ಕೊಂಡೆ."

"ಅಯ್ಯೋ ಇಲ್ಲ ಕಣೆ. ನಿನಗೆ ನೋವಾಗಬಾರ್ದು ಅಂತ... ನಿನ್ನ ಮಗಳ ಹೆಸರಲ್ಲಿ ಪ್ರತಿ ವಾರ ಬತ್ತಿ ಹಚ್ತಿದೀನಿ. ಪೂಜೇಲಿ ಅವಳ ಹೆಸರು ಓದಿಸಿದೀನಿ."

ಸಮಾಧಾನವಾದೀತು ಎಂದು ಹೇಳಿದ ಮಾತು. ಉದ್ದಕ್ಕ ಕೈ ಬಿಡಿಸಿಕೊಂಡಳು.

"ಎಲ್ಲರ ಮುಂದೆ ಓದಿದ್ರಾ? ಅವಳ ಹೆಸರನ್ನ?"

"ಹೂಂ."

"ನಾನಿಲ್ದೆ?"

ಪಕ್ಕದ ಹಾಸಿಗೆಯವಳು ಕೆಮ್ಮಿದಳು. ಆಯಾ ಬಕೆಟ್ಟು ಎಳೆದುಕೊಂಡು ಹೋದಳು. ಗಂಟೆಯಮ್ಮ, "ಪಾದ್ರಿಗಳನ್ನ ಕರ್ಕೊಂಡು ಬರ್ಲಾ? ಈಗ್ಲೇ ಹೋಗಿ ಹೇಳ್ತೀನಿ," ಎಂದು ಎದ್ದು ನಿಂತಳು.

"ಈಗ ಬೇಡ. ಸಾಯೋಳು ಅಂತ ಕರೀತಿದೀಯ," ಎಂದು ಉದ್ದಕ್ಕ ಗೋಡೆಯ ಕಡೆಗೆ ಹೊರಳಿದಳು.

ಮರುದಿನ ಅವಳಿಗೆ ಪ್ರಜ್ಞೆ ಇರಲಿಲ್ಲ. ವಾರ ಕಳೆಯುವ ಮೊದಲೇ ಹೋಗಿಬಿಟ್ಟಳು.

ದೂರದ ಊರಿನಿಂದ ಮೈದುನ ಬಂದ. ಒಳ್ಳೆಯ ಮನುಷ್ಯ, ಅತ್ತಿಗೆಯನ್ನು ಕಂಡು ಬಹಳ ಕಾಲವಾಗಿತ್ತು. ಶವದ ಮುಂದೆ ದಿಕ್ಕು ತೋಚದೆ ನಿಂತು, "ಅತ್ತಿಗೆ ಯಾವ ದೇವರನ್ನ ನಂಬ್ತಿದ್ರು? ಯಾರನ್ನ ಕರೆಸ್ಲಿ? ನಿಮಗೆ ಗೊತ್ತಿರುತ್ತೆ," ಎಂದು ಗಂಟೆಯಮ್ಮನನ್ನು ಕೇಳಿದ.

"ನಂಗೆ ಗೊತ್ತಿಲ್ಲಪ್ಪ," ಎಂದಳು ಅವಳು. ಅದು ನಿಜವೇ ಆಗಿತ್ತು. ಯಾವತ್ತೂ ಕೇಳಿರಲಿಲ್ಲ. ಒಂದು ಪ್ರಾರ್ಥನೆಯೂ ಇಲ್ಲದೆ ಉದ್ದಕ್ಕನನ್ನು ಮಣ್ಣು ಮಾಡಿದರು.

ಗಂಟೆಯಮ್ಮ ಪಾದ್ರಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿ ಅತ್ತಳು. "ನೀವೇ ಹೇಳಿದ್ರಿ ಬದುಕೇ ಮಾತಾಡಲಿ ಅಂತ. ನನ್ನ ಬದುಕು ಏನು ಮಾತಾಡ್ತು ಫಾದರ್? ಅವಳಿಗೆ 'ನೀನು ಬೇಡ' ಅನ್ನೋದೊಂದೇ ಕೇಳಿಸ್ತು."

ವಯಸ್ಸಾದ ಪಾದ್ರಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ನಾನೂ ಯಾರನ್ನೂ ಕರೆದಿಲ್ಲಮ್ಮ," ಎಂದರು. "ಬಸ್ಸಲ್ಲಿ ಪಕ್ಕದಲ್ಲಿ ಕೂತೋನು ಬಿಳಿ ನಿಲುವಂಗಿ ನೋಡಿ ಏನಾದ್ರೂ ಕೇಳಿದ್ರೆ, ಮಳೆ ಯಾವಾಗ ಬರುತ್ತೋ ಅಂತೀನಿ. ಮರ್ಯಾದೆ ಅಂದ್ಕೊಂಡಿದ್ದೆ. ಹೆದರಿಕೆಯೂ ಇರ್ಬೇಕು." ಆಮೇಲೆ ಉದ್ದಕ್ಕನ ಹೆಸರು ಕೇಳಿ, ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು.

ಗಂಟೆಯಮ್ಮ ಈಗಲೂ ಅದೇ ಲಾಂಡ್ರಿಯಲ್ಲಿದ್ದಾಳೆ. ಹೊಸದಾಗಿ ಬಂದ ಜೊತೆಗಾತಿ ಮಾತಿನ ಮಲ್ಲಿ, ಗಂಡ ಬಿಟ್ಟು ಹೋದವಳು, ಆಗಾಗ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾಳೆ. ಹೋದ ಶನಿವಾರ ಅವಳೇ, "ನಾಳೆ ರಜ, ಮನೇಲಿ ಒಬ್ಬಳೇ ಕೂತು ಏನು ಮಾಡೋದೋ," ಎಂದಳು. ಗಂಟೆಯಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಇಳಿಸಿದಳು. "ನಾಳೆ ನಾನು..." ಎಂದು ಶುರು ಮಾಡಿದಳು.

"ಏನಕ್ಕಾ?"

"ಏನಿಲ್ಲ, ರೆಸ್ಟ್ ತಗೋ," ಎಂದಳು.

ಅವತ್ತು ಮನೆಗೆ ಹೋದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಮಣೆಯ ಮೇಲೆ ಕೂತು ಬಹಳ ಹೊತ್ತು ಅತ್ತಳು.