ಟ್ರಾಕ್ಟರಿನ ಮುಂದೆ ದೇವರ ಹೆಸರು

ಗೆಳೆಯರೇ, ಇವತ್ತು ಬೆಳಿಗ್ಗೆ ನಮಗೆ ಹಾಲು ಕೊಡುವ ಜಯಮ್ಮ ಮೊಬೈಲ್ ಹಿಡಿದು ಬಂದರು. ಮಗಳ ಕಾಲೇಜು ಅರ್ಜಿಗೆ ಇವತ್ತೇ ಕೊನೆ ದಿನ. ಯಾರೋ ಕಳಿಸಿದ ಲಿಂಕು ಆಧಾರ್ ನಂಬರ್ ಕೇಳುತ್ತಿತ್ತು. ವಿಳಾಸದ ಶುರುವಿನಲ್ಲೇ ಕಾಲೇಜಿನ ಹೆಸರಿದೆಯಲ್ಲ ಎಂದು ತುಂಬಲು ಹೊರಟಿದ್ದ ನಾನು, ಮೊನ್ನೆ ಪೇಪರಿನಲ್ಲಿ ಓದಿದ್ದು ನೆನಪಾಗಿ ಕೈ ಹಿಂದೆಗೆದೆ. ಕೊನೆಯ ‘ಡಾಟ್ ಇನ್’ಗೆ ಮುಂಚೆ ಅಂಟಿಕೊಂಡಿದ್ದು ಯಾವುದೋ ಗೊತ್ತಿಲ್ಲದ ಹೆಸರು.

“ಕೊನೆಯಲ್ಲಿರುವ ಆ ಹೆಸರೇ ಲಿಂಕಿನ ಯಜಮಾನನದು ಜಯಮ್ಮ. ಅದರ ಎಡಗಡೆ ಅವನು ಏನು ಬೇಕಾದರೂ ಸೇರಿಸಿಕೊಳ್ಳಬಹುದು,” ಎಂದೆ.

“ಅಷ್ಟೇಯಾ? ನನ್ ತಮ್ಮ ಟ್ರಾಕ್ಟರು ಮುಂದ್ಗಡೆ ಕರಿಘಟ್ಟದ ಶ್ರೀನಿವಾಸ ಅಂತ ಬರ್ಸವ್ನೆ. ಅಂಗಂತ ಗಾಡಿ ದೇವ್ರುದಾಗ್ಬುಡ್ತದಾ ಅಕ್ಕಾ?”

ಕಾಲೇಜಿನ ಕೈಪಿಡಿಯಲ್ಲಿದ್ದ ವಿಳಾಸ ಹುಡುಕಿ ಅರ್ಜಿ ಕಳಿಸಿದೆವು. ತಲುಪಿದೆ ಎಂದು ಉತ್ತರವೂ ಬಂತು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಾನು ಇಷ್ಟು ವರ್ಷ ದೇವರ ಹೆಸರು ನೋಡಿಯೇ ಟ್ರಾಕ್ಟರ್ ಹತ್ತುತ್ತಿದ್ದೆ!